ವಿಯೆನ್ನಾದಲ್ಲಿ ಚಿಕ್ಕಪ್ಪನ ಜೊತೆ

ವಿಯೆನ್ನಾದ ಕಲಾ ಮ್ಯೂಸಿಯಂ ಗುರುವಾರ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತದೆ. ಹಾಗಾಗಿ ಬೆಳಿಗ್ಗೆ ಇತಿಹಾಸ, ಮಧ್ಯಾಹ್ನದ ಮೇಲೆ ಕಲೆ ಅಂತ ನಾನು ಪ್ಲಾನ್ ಹಾಕಿದ್ದೆ. ಜೊತೆಗೆ ಶಿರಸಿ ಕಡೆಯ ಚಿಕ್ಕಪ್ಪ. ಅಡಿಕೆ, ಕಾಳುಮೆಣಸಿನ ತೋಟವನ್ನು ಆಳುಗಳ ಕೈಗೆ ಬಿಟ್ಟು ಮಗಳ ಮನೆಗೆ ಬಂದಿದ್ದರು. ಮಗಳು, ಅಳಿಯ ಆಫೀಸಿಗೆ ಹೋದರೆ ಇಡೀ ದಿನ ಕಿಟಕಿಯೇ ಗತಿ. "ಎಲ್ಲಿಗಾದ್ರೂ ಸರಿ, ನಡಿ ಮಾರಾಯ" ಎಂದು ಹೊರಟೇಬಿಟ್ಟರು.

ಮೊದಲು ಸೇನಾ ಇತಿಹಾಸದ ಮ್ಯೂಸಿಯಂ. ಕತ್ತಿ, ಕವಚ, ತೋಪು ಎಷ್ಟು ನೋಡಿದರೂ ಮುಗಿಯುವುದಿಲ್ಲ. ನನಗೆ ಬೇಗ ಸಾಕಾಯಿತು. ಒಂದು ಕೋಣೆಯಲ್ಲಿ ಮಾತ್ರ ಇಬ್ಬರೂ ನಿಂತೆವು. ಅಲ್ಲಿ ಹುಡ್ ತೆರೆದ ಹಳೇ ಕಾರೊಂದಿದೆ. 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಹೆಂಡತಿ ಸೋಫಿ ಗುಂಡೇಟು ತಿಂದ ಕಾರು ಅದೇ. ಗುಂಡು ತೂರಿದ ತೂತು ಇನ್ನೂ ಇದೆ. ಪಕ್ಕದಲ್ಲಿ ಅವನ ತಿಳಿನೀಲಿ ಕೋಟು, ಅದರ ಮೇಲೆ ಕಂದುಬಣ್ಣಕ್ಕೆ ತಿರುಗಿದ ರಕ್ತದ ಕಲೆ.

ಚಿಕ್ಕಪ್ಪನಿಗೆ ಕಥೆ ಹೇಳಿದೆ. ಅವತ್ತು ಬೆಳಿಗ್ಗೆಯೇ ಒಬ್ಬ ಬಾಂಬ್ ಎಸೆದಿದ್ದ, ಯುವರಾಜ ಬಚಾವಾಗಿದ್ದ. ಆಮೇಲೆ ಹೋಗುವ ದಾರಿ ಬದಲಾಯಿಸಿದರು, ಆದರೆ ಡ್ರೈವರ್‌ಗೆ ಯಾರೂ ಹೇಳಲಿಲ್ಲ. ಅವನು ಹಳೇ ದಾರಿಯಲ್ಲೇ ತಿರುಗಿಸಿದ. ತಪ್ಪು ಎಂದು ಗೊತ್ತಾಗಿ ನಿಲ್ಲಿಸಿದ್ದು ಸರಿಯಾಗಿ ಪ್ರಿನ್ಸಿಪ್ ಎಂಬ ಹುಡುಗನ ಮುಂದೆ. ಅವನು ಗುಂಡು ಹಾರಿಸಿದ, ಒಂದು ತಿಂಗಳಿಗೆ ಮೊದಲ ಮಹಾಯುದ್ಧ ಶುರು.

"ಇಷ್ಟೆಲ್ಲ ಅಧಿಕಾರಿಗಳಿದ್ದೂ ಡ್ರೈವರ್‌ಗೆ ದಾರಿ ಹೇಳೋರು ಒಬ್ರೂ ಇರ್ಲಿಲ್ವಾ?" ಎಂದರು ಚಿಕ್ಕಪ್ಪ.

ಕಲಾ ಮ್ಯೂಸಿಯಂ 1891ರಲ್ಲಿ ಬಾಗಿಲು ತೆರೆದಿದ್ದು. ಹ್ಯಾಬ್ಸ್‌ಬರ್ಗ್ ಎಂಬ ಆಸ್ಟ್ರಿಯಾದ ರಾಜಮನೆತನದ ದೊರೆಗಳು ತಲೆಮಾರುಗಳಿಂದ ಕೂಡಿಹಾಕಿದ್ದೆಲ್ಲ ಇಲ್ಲಿದೆ. ಅಮೃತಶಿಲೆಯ ಮೆಟ್ಟಿಲು ಹತ್ತುವಾಗ ಕಂಬಗಳ ಮೇಲ್ಗಡೆ ಗೋಡೆಯಲ್ಲಿ ಕ್ಲಿಮ್ಟ್ ಬಿಡಿಸಿದ ಚಿತ್ರಗಳಿವೆ. ತಲೆ ಎತ್ತದವರಿಗೆ ಕಾಣುವುದಿಲ್ಲ. ಟಿಷಿಯನ್, ರೂಬೆನ್ಸ್ ಕೋಣೆಗಳನ್ನು ಚಿಕ್ಕಪ್ಪ ಸುಮ್ನೆ ದಾಟಿದರು. "ಎಲ್ಲ ಒಂದೋ ದೇವರು, ಇಲ್ಲಾ ದೊರೆ" ಎಂಬುದು ಅವರ ತಕರಾರು. ಅದೂ ಸುಳ್ಳೇನಲ್ಲ.

ಬ್ರೂಗೆಲ್ ಕೋಣೆಗೆ ಬಂದ ಮೇಲೆ ಮಾತ್ರ ಅವರನ್ನು ಅಲ್ಲಾಡಿಸಲು ಆಗಲಿಲ್ಲ. ಅವನ ಹನ್ನೆರಡು ಚಿತ್ರಗಳು ಇಲ್ಲಿವೆ, ಬೇರೆಲ್ಲೂ ಇಷ್ಟಿಲ್ಲ. ಚಿಕ್ಕಪ್ಪ ಹಿಡಿದುಕೊಂಡಿದ್ದು ರೈತರ ಮದುವೆಯ ಚಿತ್ರವನ್ನು. ಕಣದ ಕೊಟ್ಟಿಗೆಯಲ್ಲಿ ಊಟ ನಡೆದಿದೆ. ಹಿಂದಿನ ಗೋಡೆ ಅಂದುಕೊಂಡಿದ್ದು ಗೋಡೆಯಲ್ಲ, ಒಟ್ಟಿದ ಬೆಳೆ. ಅದಕ್ಕೆ ಕುಂಟೆಯಂಥದ್ದೊಂದನ್ನು ಸಿಕ್ಕಿಸಿ ಎರಡು ಸಿವುಡು ನೇತುಹಾಕಿದ್ದಾರೆ. ಇಬ್ಬರು ಗಂಜಿಯ ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ, ಹರಿವಾಣದಲ್ಲಲ್ಲ, ಕಿತ್ತ ಬಾಗಿಲಿನ ಮೇಲೆ! ಕೂತಲ್ಲಿಂದಲೇ ಒಬ್ಬ ಹಿಂದೆ ತಿರುಗಿ ತಟ್ಟೆ ಎತ್ತಿ ಮೇಜಿಗೆ ದಾಟಿಸುತ್ತಿದ್ದಾನೆ. ವಾದ್ಯ ಊದುವವನಿಗೆ ವಾದ್ಯದ ಮೇಲೆ ಗಮನವಿಲ್ಲ, ಕಣ್ಣೆಲ್ಲ ಗಂಜಿಯ ಮೇಲೆ. ಕೆಳಗೆ ನವಿಲುಗರಿ ಸಿಕ್ಕಿಸಿದ ದೊಡ್ಡ ಕೆಂಪು ಟೋಪಿಯೊಳಗೆ ಮುಖ ಮುಚ್ಚಿಹೋದ ಮಗು ತಟ್ಟೆ ನೆಕ್ಕುತ್ತಿದೆ. ಮದುಮಗಳು ಕೈಕಟ್ಟಿ ಕೂತಿದ್ದಾಳೆ, ಏನೂ ತಿನ್ನುತ್ತಿಲ್ಲ.

"ಗಂಡು ಎಲ್ಲಿ?" ಚಿಕ್ಕಪ್ಪ ಕೇಳಿದರು. ಕಲೆಯ ಪಂಡಿತರೂ ಅದನ್ನೇ ಕೇಳುತ್ತಾ ಬಂದಿದ್ದಾರೆ, ಒಮ್ಮತವಿಲ್ಲ. ಚಿಕ್ಕಪ್ಪನದು ಮಾತ್ರ ಖಡಾಖಂಡಿತ: "ಬಡಿಸೋಕೆ ನಿಂತಿರ್ತಾನೆ. ಜನ ಕಡಿಮೆ ಕಾಣ್ತದೆ." ನಮ್ಮೂರ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಓಡಾಡಿದ ಕಣ್ಣಲ್ವಾ! ಬಾಗಿಲು ಹೊತ್ತವರ ಕೆಳಗೆ ಲೆಕ್ಕಕ್ಕೆ ಸಿಗದ ಒಂದು ಕಾಲು ಜಾಸ್ತಿ ಇದೆ, ಅದನ್ನೂ ಅವರೇ ತೋರಿಸಿದರು.

ಗುಮ್ಮಟದ ಕೆಳಗಿನ ಕೆಫೆಯಲ್ಲಿ ಕಾಫಿ ಕುಡಿದು ಕೆಳಗಿಳಿದೆವು. ಕುತೂಹಲದ ವಸ್ತುಗಳ ವಿಭಾಗದಲ್ಲಿ ಇಟಲಿಯ ಅಕ್ಕಸಾಲಿ ಚೆಲ್ಲಿನಿ 1540ರ ದಶಕದಲ್ಲಿ ಫ್ರಾನ್ಸಿನ ದೊರೆಗೆ ಮಾಡಿಕೊಟ್ಟ ಬಂಗಾರದ ಉಪ್ಪಿನ ಪಾತ್ರೆ ಇದೆ. ಸಮುದ್ರದೇವ, ಭೂದೇವಿ ಎದುರುಬದುರು ಕೂತಿದ್ದಾರೆ. ಅವನ ಪಕ್ಕದ ದೋಣಿಯಲ್ಲಿ ಉಪ್ಪು, ಅವಳ ಪಕ್ಕದ ಪುಟ್ಟ ಗುಡಿಯಲ್ಲಿ ಮೆಣಸಿನಕಾಳು. ಮೆಣಸು ಅಂದಿದ್ದೇ ಚಿಕ್ಕಪ್ಪ ಗಾಜಿಗೆ ಮೂಗು ತಾಗಿಸಿದರು. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ್ದು ಅದೇ ಹದಿನಾರನೇ ಶತಮಾನದಲ್ಲಿ. "ಇಷ್ಟು ಬಂಗಾರದೊಳಗೆ ಇಡ್ತಿದ್ರಾ? ನಮಗೆ ಈಗ ಕೆ.ಜಿ.ಗೆ ರೇಟು ಕೇಳ್ಬೇಡ" ಎಂದು ನಕ್ಕರು.

ಇದೇ ಪಾತ್ರೆಯನ್ನು 2003ರಲ್ಲಿ ಕದ್ದಿದ್ದರು. ರಿಪೇರಿಗೆ ಕಟ್ಟಿದ್ದ ಅಟ್ಟಣಿಗೆ ಹತ್ತಿ ಬಂದ ಕಳ್ಳ ಗಾಜು ಒಡೆದ. ಅಲಾರಾಂ ಹೊಡೆದುಕೊಂಡರೂ ಕಾವಲಿನವರು ಸುಳ್ಳು ಅಲಾರಾಂ ಇರಬೇಕು ಅಂದುಕೊಂಡರು. 2006ರಲ್ಲಿ ಅದು ಸಿಕ್ಕಿದ್ದು ಕಾಡಿನಲ್ಲಿ ಹೂತಿಟ್ಟ ಸೀಸದ ಪೆಟ್ಟಿಗೆಯಲ್ಲಿ. ಕಳ್ಳನ ವೃತ್ತಿ? ಅಲಾರಾಂ ಕೂರಿಸುವುದು.

ಪಕ್ಕದಲ್ಲೇ ಈಜಿಪ್ಟಿನ ಮಮ್ಮಿಗಳಿದ್ದವು. "ಹೆಣ ನೋಡೋದೆಂತಕ್ಕೆ?" ಎಂದರು ಚಿಕ್ಕಪ್ಪ. ಇಬ್ಬರ ಕಾಲೂ ಸೋತಿತ್ತು. ನಾನು ಒತ್ತಾಯ ಮಾಡಲಿಲ್ಲ, ಟ್ರಾಮ್ ಹತ್ತಿದೆವು.