ಹೆಮಿಸ್ ಅಂಗಳದಲ್ಲಿ ಚಾಮ್ ಕುಣಿತ

ಲಡಾಖ್‌ನ ಲೇಹ್‌ನಿಂದ ಹೆಮಿಸ್‌ಗೆ ಸುಮಾರು 45 ಕಿಲೋಮೀಟರ್. ಮನಾಲಿ ರಸ್ತೆ ಹಿಡಿದು, ಕಾರು ಎಂಬ ಊರಿನ ಬಳಿ ಸಿಂಧೂ ನದಿ ದಾಟಿದರೆ ಎದುರಿಗೆ ಬರೀ ಬೋಳು ಗುಡ್ಡ. ಕಣಿವೆಯೊಳಗೆ ಹೊಕ್ಕ ಮೇಲೆಯೇ ಗೊಂಪಾ ಕಣ್ಣಿಗೆ ಬೀಳುವುದು. 17ನೇ ಶತಮಾನದಲ್ಲಿ ದೊರೆ ಸೆಂಗೆ ನಾಮ್‌ಗ್ಯಾಲ್‌ನ ಆಶ್ರಯದಲ್ಲಿ ಎದ್ದ, ಟಿಬೆಟಿ ಬೌದ್ಧರ ದ್ರುಕ್ಪಾ ಪಂಥದ ಮಠವಿದು.

ಟಿಬೆಟಿ ಪಂಚಾಂಗದ ಐದನೇ ತಿಂಗಳ ದಶಮಿ, ಏಕಾದಶಿಯಂದು ಇಲ್ಲಿ ಹಬ್ಬ. ಲಾಮಾಗಳು, ಅಂದರೆ ಬೌದ್ಧ ಭಿಕ್ಷುಗಳು, ವೇಷ ತೊಟ್ಟು ಕುಣಿಯುವ ಚಾಮ್ ಆಗಲೇ. ಟಿಬೆಟಿನಲ್ಲಿ ಬೌದ್ಧಧರ್ಮ ನೆಲೆಗೊಳಿಸಿದ ಗುರು ಪದ್ಮಸಂಭವರ ಜನ್ಮೋತ್ಸವ. ಬೈಲಕುಪ್ಪೆಯ ಚಿನ್ನದ ದೇವಾಲಯದಲ್ಲಿ ಬುದ್ಧನ ಪಕ್ಕ ಕೂತ ಮೀಸೆಯ ಮೂರ್ತಿ ನೋಡಿದ್ದೀರಲ್ಲ, ಅವರೇ.

ಮಾರುದ್ದದ ದುಂಗ್‌ಚೆನ್ ಕಹಳೆಗಳು ಮೊಳಗಿದಾಗ ಎದೆಗೂಡೇ ನಡುಗಿತು. ಬಳಿಕ ಕಪ್ಪು ಟೋಪಿಯ ಲಾಮಾಗಳು ಬಂದರು. ಒಂದು ಹೆಜ್ಜೆ, ಅರ್ಧ ಸುತ್ತು, ತಾಳದ ಪೆಟ್ಟು, ಮತ್ತೆ ಒಂದು ಹೆಜ್ಜೆ. ಗಂಟೆಗಟ್ಟಲೆ ಇಷ್ಟೇ. ಕ್ಯಾಮೆರಾ ಹಿಡಿದವರಲ್ಲಿ ಹಲವರು ಮಧ್ಯಾಹ್ನದೊಳಗೆ ಎದ್ದು ಹೋದರು. ಊರಿನವರು ಕದಲಲಿಲ್ಲ. ನಮ್ಮ ತುಳುನಾಡಿನ ಕೋಲದಂತೆ ಇದೂ ಪೂಜೆಯೇ. ಮನರಂಜನೆಯ ಆತುರ ಇದಕ್ಕೆ ಸಲ್ಲದು.

ನನ್ನ ಪಕ್ಕದಲ್ಲಿ ನೀಲಿಕಲ್ಲುಗಳ ಪೆರಾಕ್ ಎಂಬ ಶಿರೋಭೂಷಣ ತೊಟ್ಟ ಅಜ್ಜಿಯೊಬ್ಬರು ಮಣಿ ಎಣಿಸುತ್ತ ಕೂತಿದ್ದರು. 'ಜುಲೇ ಅಬಿ-ಲೇ', ನಮಸ್ಕಾರ ಅಜ್ಜಿ, ಎಂದೆ. ನಕ್ಕು, ಫ್ಲಾಸ್ಕಿನಿಂದ ಉಪ್ಪು ಬೆಣ್ಣೆಯ ಚಹಾ ಬಗ್ಗಿಸಿಕೊಟ್ಟರು. ಕೋರೆಹಲ್ಲು, ಉರಿಗಣ್ಣಿನ ಮುಖವಾಡವೊಂದು ಹತ್ತಿರ ಬಂದಾಗ ಅವರ ಮೊಮ್ಮಗಳು ಸೆರಗಿಗೆ ಅವಿತಳು. ಅಜ್ಜಿ ಅವಳ ಗಲ್ಲ ಹಿಡಿದು ಅತ್ತಲೇ ತಿರುಗಿಸಿದರು. ಸತ್ತ ಮೇಲೆ, ಮರುಹುಟ್ಟಿನ ಮೊದಲು, ಜೀವಕ್ಕೆ ಈ ಉಗ್ರರೂಪಗಳೇ ಎದುರಾಗುತ್ತವಂತೆ. ಬದುಕಿದ್ದಾಗಲೇ ಕಂಡು ಗುರುತಿಟ್ಟುಕೊಂಡವರು ಆಗ ಹೆದರುವುದಿಲ್ಲ ಎಂಬುದು ಇಲ್ಲಿನವರ ನಂಬಿಕೆ. ಇದನ್ನು ಹಿಂದಿಯಲ್ಲಿ ತಿಳಿಸಿದವನು ಅಜ್ಜಿಯ ಮಗ. ಆಮೇಲೆ ನಾನೂ ಫೋನ್ ಒಳಗಿಟ್ಟು, ಒಂದೊಂದು ಮುಖವನ್ನೂ ದಿಟ್ಟಿಸಿ ನೋಡಿದೆ.

ಛತ್ರಿಯ ನೆರಳಲ್ಲಿ, ಹೊನ್ನಿನ ಬಣ್ಣದ ದೊಡ್ಡ ಮುಖವಾಡ ತೊಟ್ಟ ಗುರು ಪದ್ಮಸಂಭವರು ತಮ್ಮ ಅಷ್ಟರೂಪಗಳ ಸಮೇತ ಅಂಗಳಕ್ಕಿಳಿದಾಗ ಜನ ಕೈಮುಗಿದರು. ಮರುದಿನ ಹಿಟ್ಟಿನ ಬೊಂಬೆಯೊಂದನ್ನು ಕತ್ತಿಯಿಂದ ಕಡಿದು ಚೂರುಮಾಡಿದರು. ಕಡಿದದ್ದು ಅಹಂಕಾರವನ್ನು, ಕೇಡನ್ನು.

ಹೋಗುವ ಮನಸ್ಸಿದ್ದರೆ ಜೂನ್ ಅಥವಾ ಜುಲೈಯಲ್ಲಿ ಬೀಳುವ ತಿಥಿ ನೋಡಿಕೊಳ್ಳಿ. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಮೊದಲೆರಡು ದಿನ ಸುಮ್ಮನೆ ವಿಶ್ರಾಂತಿ ಬೇಕು. ಹನ್ನೆರಡು ವರ್ಷಕ್ಕೊಮ್ಮೆ, ಕೋತಿಯ ವರ್ಷದಲ್ಲಿ, ಮಠದ ಮಹಾ ತಂಗ್ಕಾ, ಅಂದರೆ ಬಟ್ಟೆಯ ಮೇಲಿನ ದೊಡ್ಡ ದೇವಚಿತ್ರ, ಬಿಚ್ಚುತ್ತಾರೆ. 2016ರಲ್ಲಿ ಬಿಚ್ಚಿದ್ದರು, ಮುಂದಿನ ಸರದಿ 2028ಕ್ಕೆ.