ಕಪ್ಪು ಬಾನೆಟ್ಟಿನ ಮಬ್ಬು ಬಿಟ್ಟಿತು: ಬಾಟಲಿ ಅದೇ, ಪ್ಯಾಡ್ ಬೇರೆ

ಕೊನೆಗೂ ಬಾನೆಟ್ ಗೆದ್ದಿತು. ಭಾವನ ಕಪ್ಪು ಸೆಡಾನ್ ಮೇಲೆ ಎಲ್‌ಇಡಿ ಟಾರ್ಚ್ ಹಿಡಿದರೆ ಈಗ ಟಾರ್ಚಿನ ಬೆಳಕಷ್ಟೇ ಕಾಣುತ್ತದೆ, ಸುತ್ತಲಿನ ಬೂದು ಮಬ್ಬು ಪೂರ್ತಿ ಹೋಗಿದೆ. ಮಷೀನಿನಲ್ಲಿ ಪಾಲಿಶ್ ಮಾಡಿ ಗೀರು ತೆಗೆಯುವುದು ಕಷ್ಟವಾಗಲಿಲ್ಲ. ಗೀರು ಹೋದ ಮೇಲೆ ಉಳಿದ ಆ ಮಬ್ಬು ಇದೆಯಲ್ಲ, ಅದು ಪ್ರಾಣ ಹಿಂಡಿತು. ಮೆತ್ತನೆಯ ಕಪ್ಪು ಪೇಂಟಿಗೆ ಕೈ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ತೊಳೆಯುವುದು, ಐರನ್ ರಿಮೂವರಿನಲ್ಲಿ ಕಬ್ಬಿಣದ ಕಣ ಕರಗಿಸುವುದು, ಕ್ಲೇ ಉಜ್ಜಿ ಅಂಟಿದ ಕೊಳೆ ಎತ್ತುವುದು, ರಬ್ಬರ್ ಬೀಡಿಂಗಿಗೆ ಟೇಪ್ ಹಚ್ಚುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ನೀರಿನ ಬಗ್ಗೆ ಮಾತ್ರ ಒಂದು ಮಾತು. ಮೈಸೂರಿನ ಹೊರಗಿನ ನಮ್ಮ ಬಡಾವಣೆಯಲ್ಲಿ ಇನ್ನೂ ಬೋರ್‌ವೆಲ್ ನೀರೇ. ಅದು ಬಾನೆಟ್ ಮೇಲೆ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪಿನ ಬಿಳಿ ಉಂಗುರಗಳು ಕೂತುಬಿಡುತ್ತವೆ. ಹೊಸ ಕಲೆಯಾದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ ಕರಗುತ್ತದೆ. ಬಿಸಿಲಿನಲ್ಲಿ ಬೆಂದು ಹಳತಾದ ಕಲೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನೇ ಕೊರೆದಿರುತ್ತದೆ, ಅದಕ್ಕೆ ಪಾಲಿಶೇ ಗತಿ. ಆದ್ದರಿಂದ ಕೊನೆಯ ಸಲ ತೊಳೆಯಲು ಕುಡಿಯುವ ನೀರಿನ ಕ್ಯಾನ್ ತರಿಸಿದೆ. ಅಕ್ಕ ಬೈದಳು. ಬೈಸಿಕೊಂಡದ್ದಕ್ಕೆ ಬೇಸರವಿಲ್ಲ.

ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದಾಗ ಬಾನೆಟ್ 105ರಿಂದ 115 ಮೈಕ್ರಾನ್, ರೂಫ್ ಕೂಡ ಅಷ್ಟೇ. ಎಡಗಡೆಯ ಹಿಂದಿನ ಬಾಗಿಲು 240, ಅಂದರೆ ಮತ್ತೆ ಪೇಂಟ್ ಬಿದ್ದಿದೆ!

"ಭಾವ, ಈ ಬಾಗಿಲು ಎಲ್ಲಾದರೂ ತಗುಲಿಸಿದ್ರಾ?"

"ನಾನು ಎಲ್ಲಿ ತಗುಲಿಸಿದೆ? ಗೇಟೇ ಬಂದು ತಗುಲಿತು ಕಣೋ."

ಗೇಟು ನಡೆದು ಬಂದ ಆ ಬಾಗಿಲನ್ನು ಹಾಗೇ ಬಿಟ್ಟು ಬಾನೆಟ್ಟಿಗೆ ಬರುತ್ತೇನೆ. ಫ್ಯಾಕ್ಟರಿ ಪೇಂಟಿನಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ ಸುಮಾರು 40, 50. ನಮ್ಮ ಆಟವೆಲ್ಲ ಅದರಲ್ಲೂ ಮೇಲಿನ ಕೆಲವೇ ಮೈಕ್ರಾನಿನಲ್ಲಿ. ಗೀರನ್ನು ಯಾರೂ ತೆಗೆಯುವುದಿಲ್ಲ, ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರನ್ನು ಇಳಿಸುತ್ತೇವೆ ಅಷ್ಟೇ. ಉಗುರು ಆಡಿಸಿದಾಗ ತಡೆಯುವ ಗೀರನ್ನು ಪೂರ್ತಿ ಇಲ್ಲವಾಗಿಸಬೇಕೆಂದು ಹಟ ಹಿಡಿದರೆ ಬಿಸಿಲಿನಿಂದ ಪೇಂಟನ್ನು ಕಾಯುವ ಪದರವೂ ಜೊತೆಗೇ ಹೋಗುತ್ತದೆ. ಈ ಬಾನೆಟ್ಟಿನಲ್ಲಿ ಅಂಥ ಎರಡು ಗೀರು ಇವೆ. ಅಂಚು ನಯವಾಗಿಸಿ ಬಿಟ್ಟಿದ್ದೇನೆ. ಬಿಡುವುದೂ ಕೆಲಸದ ಒಂದು ಭಾಗ ಎಂದೇ ನಾನು ನಂಬಿದ್ದೇನೆ.

ಉಳಿದದ್ದು ಸ್ವಿರ್ಲ್, ಅಂದರೆ ಬೆಳಕಿಗೆ ಬಳೆಯಂತೆ ಕಾಣುವ ಸಣ್ಣ ಗೀರುಗಳು. ಬೆಳಿಗ್ಗೆ ಕಾಫಿ ಆದ ಮೇಲೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವ ಭಾವನ ಶಿಸ್ತಿನ ಫಲ. ಗೀರುಗಳು ನಿಜವಾಗಿ ವೃತ್ತವಾಗಿ ಇರುವುದಿಲ್ಲ, ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಹೊಳೆಯುವುದರಿಂದ ಬಲ್ಬಿನ ಸುತ್ತ ಬಳೆ ಬಳೆಯಾಗಿ ಕಾಣುತ್ತವೆ. ಟಾರ್ಚ್ ಸರಿಸಿದರೆ ಬಳೆಗಳೂ ಸರಿಯುತ್ತವೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ಗ್ಯಾರೇಜಿನಲ್ಲಿ ಸುಮ್ಮನೆ ಟಾರ್ಚ್ ಆಡಿಸುತ್ತಾ ಬಹಳ ಹೊತ್ತು ಕೂತಿದ್ದೆ.

ಕಟಿಂಗ್‌ಗೆ, ಅಂದರೆ ಗೀರು ಉಜ್ಜಿ ತೆಗೆಯುವ ಮೊದಲ ಹಂತಕ್ಕೆ, ಮೆಗ್ವಾಯರ್ಸ್ ಎಂ 105 ಕಾಂಪೌಂಡ್, ತಿರುಗುತ್ತಲೇ 15 ಎಂಎಂ ಅಗಲದ ಸುತ್ತು (ಥ್ರೋ) ಹಾಕುವ ಡಿಎ (ಡ್ಯುಯಲ್ ಆಕ್ಷನ್) ಮಷೀನ್, ಮೈಕ್ರೋಫೈಬರ್ ಪ್ಯಾಡ್. ಸ್ವಿರ್ಲ್ ಬೇಗನೆ ಬಿಟ್ಟಿತು. ಪೇಂಟ್ ಮೆತ್ತಗಿದೆ ಎಂದು ಅಲ್ಲೇ ಖಾತ್ರಿಯಾಯಿತು. ಮೈಕ್ರೋಫೈಬರ್ ಮೆತ್ತನೆಯ ಪೇಂಟಿನ ಮೇಲೆ ಮಬ್ಬು ಬಿಡುವುದು ಸಹಜ, ಅದನ್ನು ಎರಡನೇ ಹಂತದಲ್ಲಿ ಅದಕ್ಕಿಂತ ನಯವಾದ ಎಂ 205 ಪಾಲಿಶ್ ಮತ್ತು ಕಪ್ಪು ಫಿನಿಶಿಂಗ್ ಫೋಮ್ ಎತ್ತಬೇಕು. ಎಲ್ಲರೂ ಮಾಡುವುದು ಹೀಗೆಯೇ.

ಎತ್ತಲಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕನ್ನಡಿ, ಬೆಳಗಿನ ಬಿಸಿಲಿಗೆ ಗಾಡಿ ಹೊರಗೆ ತಂದರೆ ಬೂದು. ಕಣ್ಣು ಹತ್ತಿರ ತಂದು ಓರೆಯಾಗಿ ನೋಡಿದರೆ ಸಾವಿರಾರು ಸಣ್ಣ ಸಣ್ಣ ಚುಕ್ಕಿಗೀರುಗಳು, ಒಂದೊಂದೂ ಕೂದಲಿನ ತುಣುಕಿಗಿಂತ ಚಿಕ್ಕದು, ಯಾವುದಕ್ಕೂ ದಿಕ್ಕಿಲ್ಲ. ದಿಕ್ಕು ಇದ್ದು ಮಷೀನ್ ಹೋದ ದಾರಿ ತೋರಿಸಿದ್ದರೆ ಅದು ಒಂದೇ ಅಕ್ಷದಲ್ಲಿ ತಿರುಗುವ ರೋಟರಿ ಮಷೀನ್ ಬಿಡುವ ಹೊಲೊಗ್ರಾಮ್ ಗುರುತು ಎನ್ನಬಹುದಿತ್ತು. ಸುರುಳಿಯಾಗಿದ್ದರೆ ಸ್ಯಾಂಡ್‌ಪೇಪರ್ ಉಜ್ಜಿದ ಗುರುತು. ಇದು ಎರಡೂ ಅಲ್ಲ. ಮತ್ತೊಮ್ಮೆ ಎಂ 205, ಇನ್ನೂ ಮೆತ್ತನೆಯ ಪ್ಯಾಡ್. ಮಬ್ಬು ಹೆಚ್ಚಾಯಿತು! ಮೆತ್ತಗೆ ಮಾಡಿದಷ್ಟೂ ಹಾಳಾಗುತ್ತಿದೆ ಎಂದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ?

ಮೊದಲ ಅನುಮಾನ ಬಟ್ಟೆಯ ಮೇಲೆ. ಒರೆಸುವಾಗಲೇ ಗೀರು ಬೀಳುತ್ತಿರಬಹುದಲ್ಲ? ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದು ತುಂಡು ಜಾಗಕ್ಕೆ ಡೀಟೇಲರ್ (ಜಾರು ಗುಣದ ಸ್ಪ್ರೇ) ಧಾರಾಳವಾಗಿ ಹೊಡೆದು, ಬಟ್ಟೆಯನ್ನು ಎಡದಿಂದ ಬಲಕ್ಕೆ ಮಾತ್ರ ಎಳೆಯಿರಿ. ಬಟ್ಟೆ ತಪ್ಪಿತಸ್ಥನಾದರೆ ಅದೇ ದಿಕ್ಕಿನಲ್ಲಿ ಗೆರೆ ಬೀಳುತ್ತದೆ. ಅಂಚು ಹೊಲಿದ ಒಂದು ಬಟ್ಟೆ ಸಿಕ್ಕಿಬಿತ್ತು, ಅದನ್ನು ಟಯರ್ ಒರೆಸುವ ಡಬ್ಬಕ್ಕೆ ಹಾಕಿದೆ. ಉಳಿದ ಬಟ್ಟೆಗಳಿಗೆ ದೋಷವಿಲ್ಲ.

ಎರಡನೆಯದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಪಾಲಿಶ್ ಎಣ್ಣೆ ಗೀರು ಮುಚ್ಚಿಟ್ಟು ಮೋಸ ಮಾಡಬಾರದು ಎಂದು 10, 15 ಶೇಕಡಾ ಐಪಿಎ ಬೆರೆಸಿದ ನೀರಿನಲ್ಲಿ ಒರೆಸಿ ನೋಡುತ್ತೇವಲ್ಲ, ಅದರಲ್ಲಿ ಜಾರು ಗುಣವೇ ಇಲ್ಲ. ಮೆತ್ತನೆಯ ಪೇಂಟಿನಲ್ಲಿ ಆ ಒರೆಸುವಿಕೆಯೇ ಗೆರೆ ಎಳೆಯುತ್ತದೆ. ಅಕ್ಕಪಕ್ಕದ ಎರಡು ಚೌಕದಲ್ಲಿ ಹೋಲಿಸಿದೆ: ಐಪಿಎ ಹೊಡೆದದ್ದು ಒಂದು ತೂಕ ಹೆಚ್ಚು ಬೂದು, ಜಾರು ಗುಣ ಇರುವ ಪ್ಯಾನೆಲ್ ವೈಪ್ ಹೊಡೆದದ್ದು ಕಡಿಮೆ. ಈ ಕಾರಿಗೆ ಐಪಿಎ ನಿಲ್ಲಿಸಿದೆ. ಮಬ್ಬು ಮಾತ್ರ ಎರಡೂ ಚೌಕದಲ್ಲಿ ಇದ್ದೇ ಇತ್ತು.

ಮೂರನೆಯದು ಪಾಲಿಶ್. ಮೆನ್‌ಜೆರ್ನಾ ಕಂಪನಿಯ ಪಾಲಿಶ್ ತರಹದವುಗಳ ಅಪಘರ್ಷಕ (ಉಜ್ಜುವ) ಕಣ ಉಜ್ಜುತ್ತಾ ಹೋದಂತೆ ಒಡೆದು ಸಣ್ಣದಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ದಪ್ಪ ಕಣದ ಗುರುತು ಉಳಿಯುತ್ತದೆ, ಕೊನೆತನಕ ಓಡಿಸಬೇಕು. ಎಂ 205 ಹಾಗಲ್ಲ, ಅದರ ಕಣ ಮೊದಲಿಂದ ಕೊನೆತನಕ ಒಂದೇ ಗಾತ್ರ, ಬೇಕಾದಲ್ಲಿ ನಿಲ್ಲಿಸಬಹುದು. ಹಾಗಾಗಿ ಬೇಗ ನಿಲ್ಲಿಸಿದ್ದಕ್ಕೆ ಮಬ್ಬು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಉಳಿದದ್ದು ಪ್ಯಾಡ್. ಬಾನೆಟ್ ಮೇಲೆ ಟೇಪ್ ಹಚ್ಚಿ ಒಂದೂವರೆ ಅಡಿಯ ಚೌಕಗಳನ್ನು ಮಾಡಿದೆ. ಮಷೀನ್ ಅದೇ, ಎಂ 205 ಅದೇ ಬಾಟಲಿ, ವೇಗ ಅದೇ. ಬದಲಾಗುವುದು ಪ್ಯಾಡ್ ಒಂದೇ.

ಪ್ಯಾಡ್ ಕೊಳ್ಳುವ ಕಥೆ ಇಲ್ಲಿ ಹೇಳಲೇಬೇಕು. ಬಣ್ಣ ನೋಡಿ ಆರ್ಡರ್ ಮಾಡುವ ಹಾಗಿಲ್ಲ. ರೂಪೆಸ್ ಕಂಪನಿಯ ಪ್ಯಾಡಿನಲ್ಲಿ ನೀಲಿ ಎಂದರೆ ದಪ್ಪ ಕಟ್, ಹಸಿರು ಮಧ್ಯಮ, ಹಳದಿ ಫೈನ್, ಬಿಳಿ ಎಲ್ಲಕ್ಕಿಂತ ಮೆತ್ತಗೆ. ಲೇಕ್ ಕಂಟ್ರಿ ಕಂಪನಿಯದರಲ್ಲಿ ಹಳದಿಯೇ ಕಟಿಂಗ್, ಕಿತ್ತಳೆ ಲೈಟ್ ಕಟಿಂಗ್, ಬಿಳಿ ಪಾಲಿಶಿಂಗ್, ಕಪ್ಪು ಫಿನಿಶಿಂಗ್. ಒಬ್ಬರ ಹಳದಿ ಗೀರು ತೆಗೆಯುವುದು, ಇನ್ನೊಬ್ಬರ ಹಳದಿ ಹೊಳಪು ಕೊಡುವುದು! ನಾನು ಕೇಳಿದ ಮಾರಾಟಗಾರರಿಗೆ ಇದು ಗೊತ್ತಿರಲಿಲ್ಲ. ಬೆಂಗಳೂರಿನ ಒಬ್ಬರಿಗೆ ತೆಳು ಪ್ಯಾಡ್ ಎಂದು ಬಿಡಿಸಿ ಬಿಡಿಸಿ ಹೇಳಿದರೂ ಇಡ್ಲಿ ದಪ್ಪದ್ದು ಬಂತು. ಇನ್ನೊಬ್ಬರು ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಬಗ್ಗಿಸಿದ ಪಾಲಿಶ್ ಕಳಿಸಿದರು. ಬ್ಯಾಚ್ ನಂಬರಿಲ್ಲ, ಲೇಬಲ್ ಇಲ್ಲ. ಕೇಳಿದರೆ "ಒರಿಜಿನಲ್ಲೇ ಸಾರ್, ಕಣ್ಣು ಮುಚ್ಚಿ ಹಾಕಿ" ಎಂಬ ಉತ್ತರ. ಟಾರ್ಚ್ ಹಿಡಿದು ಮೈಕ್ರಾನ್ ಲೆಕ್ಕ ಹಾಕುವವನಿಗೆ ಕಣ್ಣು ಮುಚ್ಚಲು ಹೇಳಿದರೆ ಹೇಗೆ ಸ್ವಾಮಿ? ಮೂರನೆಯವರ ಪ್ಯಾಡಿನಲ್ಲಿ ಬಿಸಿಗೆ ಅಂಟು ಬಿಟ್ಟು ವೆಲ್ಕ್ರೋ ಮಷೀನಿನಲ್ಲೇ ಉಳಿಯಿತು, ಫೋಮ್ ಗ್ಯಾರೇಜಿನ ಮೂಲೆಗೆ ಹಾರಿತು. ನಮ್ಮ ಹವ್ಯಾಸಕ್ಕೆ ಬೇಕಾದ ಸಾಮಾನು ನೇರವಾಗಿ, ಸರಿಯಾದ ಹೆಸರಿನಲ್ಲಿ, ಮೈಸೂರಿನಲ್ಲೇ ಸಿಗುವ ದಿನ ಬರಬೇಕು ಎಂಬುದು ನನ್ನ ದೊಡ್ಡ ಆಸೆ.

ಚೌಕಗಳ ಫಲಿತಾಂಶಕ್ಕೆ ಬರೋಣ, ಬಣ್ಣಗಳು ಲೇಕ್ ಕಂಟ್ರಿಯ ಲೆಕ್ಕದಲ್ಲಿ. ಕಿತ್ತಳೆ: ತೆಳು ಮಬ್ಬು. ಕಪ್ಪು: ದಟ್ಟ ಚುಕ್ಕಿಗೀರು. ಬಿಳಿ ಪಾಲಿಶಿಂಗ್ ಪ್ಯಾಡ್: ಸ್ವಚ್ಛ! ನಂಬಲಾಗದೆ ಕಾರನ್ನು ಬಿಸಿಲಿಗೆ ತಳ್ಳಿ ನೋಡಿದೆ. ಆ ಒಂದು ಚೌಕ ಮಾತ್ರ ನಿಜವಾದ ಕಪ್ಪು, ಎದುರು ಮನೆಯ ತೆಂಗಿನ ಗರಿ ಒಂದೊಂದೂ ಅದರಲ್ಲಿ ಎಣಿಸುವಷ್ಟು ಸ್ಪಷ್ಟ.

ಯಾಕೆ ಹೀಗೆ ಎಂದು ಪ್ಯಾಡುಗಳನ್ನು ಬೆರಳಿನಲ್ಲಿ ಒತ್ತಿ ನೋಡಿದಾಗ ಉತ್ತರ ಸಿಕ್ಕಿತು. ಕಪ್ಪು ಫೋಮ್ ಪಾಲಿಶನ್ನು ಒಳಕ್ಕೆ ಕುಡಿದುಬಿಟ್ಟಿದೆ, ಒತ್ತಿದರೆ ಒಳಗಿನಿಂದ ಬರುತ್ತದೆ, ಮೇಲ್ಮೈ ಮಾತ್ರ ಒಣ. ಮೆತ್ತನೆಯ ಕ್ಲಿಯರಿನಿಂದ ಎದ್ದ ಪೇಂಟಿನ ಪುಡಿ ಆ ಒಣ ಮೇಲ್ಮೈಗೆ ಅಂಟಿ, ಪಾಲಿಶ್ ಜೊತೆ ಸೇರಿ ಸಣ್ಣ ಗಂಟು ಗಂಟಾಗಿ ಕೂತಿದೆ. ಉಗುರಿನಲ್ಲಿ ಕೆರೆದರೆ ಬೂದು ಮೇಣದ ಹಾಗೆ ಬಂತು. ಚುಕ್ಕಿಗೀರು ಎಳೆಯುತ್ತಿದ್ದದ್ದು ಈ ಗಂಟುಗಳೇ. ಅದನ್ನು ಅಳಿಸುವಷ್ಟು ಕಟ್ ಕಪ್ಪು ಫೋಮಿಗೆ ಇಲ್ಲ. ಬಿಳಿಯದು ಸ್ವಲ್ಪ ಗಟ್ಟಿ, ಮುಖ ಸಪಾಟಾಗಿಯೇ ನಿಲ್ಲುತ್ತದೆ, ಪಾಲಿಶ್ ಮೇಲೆಯೇ ಉಳಿದು ಕೆಲಸ ಮಾಡುತ್ತದೆ. ಮೆತ್ತನೆಯ ಪೇಂಟಿಗೆ ಮೆತ್ತನೆಯ ಪ್ಯಾಡ್ ಎಂದು ನಾವೆಲ್ಲ ಕಣ್ಣು ಮುಚ್ಚಿ ಹೇಳುತ್ತೇವೆ. ಈ ಬಾನೆಟ್ ಅದನ್ನು ಒಪ್ಪಲಿಲ್ಲ.

ಪ್ಯಾಡ್ ಗೊತ್ತಾದ ಮೇಲೂ ಇಡೀ ಬಾನೆಟ್ ಒಂದೇ ಸಮ ಬರಲಿಲ್ಲ. ನಡುವಿನ ಎರಡು ಉಬ್ಬುಗೆರೆಗಳ ಪಕ್ಕ ಮತ್ತೆ ಮಂಕು. ಪ್ಯಾಡ್ ಅಂಟುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿ ನೋಡಿ, ಪ್ಯಾಡ್ ತಿರುಗುತ್ತಿದೆಯೋ ನಿಂತಿದೆಯೋ ಕಣ್ಣಿಗೇ ಕಾಣುತ್ತದೆ. ಸಪಾಟು ಜಾಗದಲ್ಲಿ ಗೆರೆ ಚೆನ್ನಾಗಿ ಸುತ್ತುತ್ತಿತ್ತು, ಉಬ್ಬಿನ ಹತ್ತಿರ ಬಂದಾಗ ನಿಂತು ಬರೀ ಅದುರುತ್ತಿತ್ತು. ಅಲ್ಲಿಗೆ 8 ಎಂಎಂ ಥ್ರೋ ಇರುವ ಮಷೀನ್, 3 ಇಂಚಿನ ತೆಳು ಬಿಳಿ ಪ್ಯಾಡ್ ತಂದೆ. ಉಬ್ಬಿನ ನೆತ್ತಿಗೆ ಟೇಪ್ ಹಚ್ಚಿಯೇ ಓಡಿಸಿದೆ, ಅಂಚಿನಲ್ಲಿ ಪೇಂಟ್ ಯಾವಾಗಲೂ ತೆಳು.

ಕೊನೆಗೆ ನಿಂತ ಕ್ರಮ: ಪ್ಯಾಡಿಗೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ, ಮಷೀನಿನ ವೇಗದ ಡಯಲ್ 4ರಲ್ಲಿ ಅಡ್ಡಡ್ಡ ಉದ್ದುದ್ದ ನಾಲ್ಕು ಪಾಸ್, ಆಮೇಲೆ ಡಯಲ್ 3ಕ್ಕೆ ಇಳಿಸಿ, ಕೈ ಒತ್ತಡ ಪೂರ್ತಿ ಬಿಟ್ಟು ಮಷೀನಿನ ಭಾರದಲ್ಲೇ ಎರಡು ಪಾಸ್. ಎಂ 205ರ ಕಣ ಸಣ್ಣದಾಗುವುದಿಲ್ಲವಾದ್ದರಿಂದ ಕೊನೆಯ ನಯವೆಲ್ಲ ಈ ಒತ್ತಡ ಬಿಡುವುದರಲ್ಲೇ ಇದೆ. ಪ್ರತಿ ಚೌಕ ಮುಗಿದಾಗ ಪ್ಯಾಡಿಗೆ ಬ್ರಷ್, ಅರ್ಧ ಬಾನೆಟ್ಟಿಗೆ ಪ್ಯಾಡ್ ಬದಲು. ಬಾಟಲಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಉಳಿಸಿ ಇನ್ನೆರಡು ಪ್ಯಾಡ್ ಕೊಳ್ಳಿ, ನಿಮ್ಮ ಫಿನಿಶ್ ಅಲ್ಲಿಂದಲೇ ಬದಲಾಗುತ್ತದೆ.

ಪ್ಯಾಡ್ ಕೊಳೆಯಾಗುವುದನ್ನು ನೋಡುತ್ತಾ ನೋಡುತ್ತಾ ಮನಸ್ಸು ಶೆಡ್ಡಿನ ಮೂಲೆಯ ಯೆಜ್ಡಿ ಬೈಕಿಗೆ ಹೋಗಿದೆ. ಚಿಕ್ಕಪ್ಪನ ರೋಡ್‌ಕಿಂಗ್. ಇದೇ ಊರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಕಿಕ್ ಹೊಡೆದರೆ ಮಾತಾಡುತ್ತದೆ. ಅದರ ಟ್ಯಾಂಕಿನ ಮೇಲೆ ಕ್ಲಿಯರ್ ಕೋಟೇ ಇಲ್ಲ. ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮೂಲೆಯಲ್ಲಿ ಉಜ್ಜಿದೆ, ಬಟ್ಟೆ ಮರೂನ್ ಆಯಿತು. ಅಂದರೆ ಅಲ್ಲಿ ಪ್ರತಿ ಉಜ್ಜುವಿಕೆಯೂ ನೇರವಾಗಿ ಬಣ್ಣವನ್ನೇ ತಿನ್ನುತ್ತದೆ. ಚಿನ್ನದ ಬಣ್ಣದ ಸಣ್ಣ ಗೆರೆಗಳಂತೂ ಮಷೀನ್ ಮುಟ್ಟಿದರೆ ಉಳಿಯುವುದಿಲ್ಲ. ಕೈಯಲ್ಲೇ ಮಾಡುತ್ತೇನೆ, ಒಣಗಿದ ಬಣ್ಣಕ್ಕೆ ಮೊದಲು ಎಣ್ಣೆಯಂಶದ ಗ್ಲೇಜ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಆಮೇಲೆ ತೀರಾ ನಯವಾದ ಪಾಲಿಶ್. ಕ್ರೋಮಿಗೆ ಕಾಂಪೌಂಡ್ ಹಚ್ಚುವ ಮಾತೇ ಇಲ್ಲ, ನಿಕ್ಕಲ್ ಮೇಲಿನ ಕ್ರೋಮ್ ಪದರ ಮೈಕ್ರಾನಿಗಿಂತಲೂ ತೆಳು. ಆ ಟ್ಯಾಂಕ್ ಮತ್ತೆ ಹೊಳೆಯಬೇಕು, ಮತ್ತೆ ಪೇಂಟ್ ಹೊಡೆಸದೆ, ಅದೇ ಹಳೇ ಬಣ್ಣದಲ್ಲಿ. ಇದರ ಬಗ್ಗೆ ಯೋಚಿಸುತ್ತಾ ನಿದ್ದೆ ಬಿಟ್ಟಿದ್ದೇನೆ.

ಅದಕ್ಕೂ ಮೊದಲು ಈ ಕಾರು. ಭಾವ ನಿನ್ನೆ ಬಂದು ಬಾನೆಟ್ಟಿನಲ್ಲಿ ಮೀಸೆ ನೋಡಿಕೊಂಡು, "ಮುಂದೆ ಹೊಸ ಕಾರು, ಹಿಂದೆ ಹಳೇ ಕಾರು ಆಯ್ತಲ್ಲೋ" ಅಂದರು. ಒಣ ಬಟ್ಟೆಯನ್ನು ಅವರ ಕೈಯಿಂದ ಇಸಿದುಕೊಂಡು ಎರಡು ಬಕೆಟ್, ಶಾಂಪೂ, ಒಳ್ಳೆ ಮೈಕ್ರೋಫೈಬರ್ ಮಿಟ್ ಕೊಟ್ಟಿದ್ದೇನೆ.

ಮುಂದಿನ ಸರದಿ ರೂಫ್ ಮತ್ತು ಬಲಗಡೆಯ ಬಾಗಿಲುಗಳು, ಇದೇ ಬಿಳಿ ಪ್ಯಾಡ್. ಹಿಡಿಕೆಯ ಗುಳಿಯಲ್ಲಿ ಉಂಗುರ, ಉಗುರು ಎಳೆದ ಗೀರುಗಳನ್ನು ಕೈಯಲ್ಲೇ ಸಣ್ಣ ಫೋಮಿನಿಂದ ತೆಗೆಯಬೇಕು. ಬಂಪರ್ ಕೊನೆಗೆ: ಪ್ಲಾಸ್ಟಿಕ್ ಆದ್ದರಿಂದ ನನ್ನ ಗೇಜ್ ಅಲ್ಲಿ ಓದುವುದಿಲ್ಲ, ಬಿಸಿಯೂ ಬೇಗ ಹರಡುವುದಿಲ್ಲ, ಒಂದೇ ಜಾಗದಲ್ಲಿ ನಿಂತರೆ ಪೇಂಟ್ ಬೇಯುತ್ತದೆ. ಅದಕ್ಕೆ ಡಯಲ್ 3ರ ಮೇಲೆ ಹೋಗುವುದಿಲ್ಲ, ಎರಡು ಪಾಸಿಗೊಮ್ಮೆ ಕೈ ಇಟ್ಟು ಬಿಸಿ ನೋಡಿಯೇ ಮುಂದಕ್ಕೆ.