ಎಲ್ಲರ ನೋವೂ ಏಳೇ ಯಾಕೆ?

ಈ ವಾರ ಪ್ರಾಜೆಕ್ಟ್ ರಿವ್ಯೂ ಇತ್ತು. ನಮ್ಮ ಕೆಲಸ ಚಾಮರಾಜನಗರ ಕಡೆಯ ಪೋಡುಗಳಲ್ಲಿ, ಅಂದ್ರೆ ಸೋಲಿಗ ಆದಿವಾಸಿಗಳ ಹಾಡಿಗಳಲ್ಲಿ, ಸಿಕಲ್ ಸೆಲ್ ಅನ್ನೋ ಹುಟ್ಟಿನಿಂದಲೇ ಬರೋ ರಕ್ತದ ಕಾಯಿಲೆ ಇರೋ ಹುಡುಗ ಹುಡುಗೀರ ಜೊತೆ. ಫಾರಂನಲ್ಲಿ ಒಂದು ಪ್ರಶ್ನೆ ಇದೆ, ಕ್ರೈಸಿಸ್ (ಈ ಕಾಯಿಲೇಲಿ ಇದ್ದಕ್ಕಿದ್ದಂಗೆ ಬರೋ ಜೋರು ನೋವು) ಬಂದಾಗ ನೋವು ಹತ್ತಕ್ಕೆ ಎಷ್ಟು ಅಂತ. ಡೇಟಾ ನೋಡೋ ಸರ್ ಆ ಕಾಲಂ ಸ್ಕ್ರೀನ್ ಮೇಲೆ ಹಾಕಿ "ಮೇಲಿಂದ ಕೆಳಗಿನವರೆಗೂ ಬರೀ ಏಳು, ಮನೇಲಿ ಕೂತು ತುಂಬಿದಾರೆ" ಅಂದ್ಬಿಟ್ರು. ನಮ್ಮ ಫೀಲ್ಡ್ ಹುಡುಗಿ ಸೋಲಿಗರವಳು, ಆನೆ ಓಡಾಡೋ ದಾರೀಲಿ ನಡ್ಕೊಂಡು ಹೋಗಿ ಒಬ್ಬೊಬ್ಬರನ್ನೂ ಕೂರಿಸ್ಕೊಂಡು ಕೇಳಿ ಬರ್ತಾಳೆ. ಕಣ್ಣಲ್ಲಿ ನೀರು ತುಂಬ್ಕೊಂಡ್ರೂ ಒಂದು ಮಾತಾಡ್ಲಿಲ್ಲ. ಎಸಿ ರೂಮಲ್ಲಿ ಕೂತು ಇನ್ನೊಬ್ಬರ ಪ್ರಾಮಾಣಿಕತೆ ಅಳೆಯೋದು ಎಷ್ಟು ಸುಲಭ ನೋಡಿ.

ಮಾರನೇ ದಿನ ಹುಡುಗರ ಮೀಟಿಂಗಲ್ಲಿ ನೇರವಾಗೇ ಕೇಳ್ದೆ, ಎಲ್ಲರೂ ಏಳೇ ಯಾಕ್ರೋ ಹೇಳೋದು ಅಂತ. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡ್ಲಿಲ್ಲ. ಐಟಿಐ ಓದೋ ಒಬ್ಬ ಹುಡುಗ ಇದಾನೆ, ಬಿಸಿಲಲ್ಲೂ ಸ್ವೆಟರ್ ಹಾಕಿರ್ತಾನೆ, ನೀರಿನ ಬಾಟಲಿ ಕೈಬಿಡಲ್ಲ, ಚಳಿ ಆದ್ರೂ ನೀರು ಕಮ್ಮಿ ಆದ್ರೂ ಕ್ರೈಸಿಸ್ ಬರತ್ತಲ್ಲ, ಅದಕ್ಕೆ. ಅವನು ಹೇಳ್ದ:

"ಹತ್ತು ಅಂದ್ರೆ ನಾಟಕ ಅಂತಾರೆ ಮೇಡಂ. ಐದು ಅಂದ್ರೆ ಬೆಂಚಲ್ಲಿ ಕೂರಿಸ್ತಾರೆ. ಏಳು ಅಂದ್ರೆ ಇಂಜೆಕ್ಷನ್ ಕೊಡ್ತಾರೆ."

ಪಕ್ಕದಲ್ಲಿದ್ದ ಹುಡುಗಿ "ಏಳು ಅನ್ನೋವಾಗ ಫೋನ್ ಮುಟ್ಬಾರ್ದು, ಜೋರಾಗಿ ಅಳಲೂಬಾರ್ದು" ಅಂತ ಸೇರಿಸಿದ್ಲು. ಉಳಿದವರೆಲ್ಲ ಹೂಂ ಹೂಂ ಅಂದ್ರು. ಅಂದ್ರೆ ದೊಡ್ಡ ಮಕ್ಕಳು ಚಿಕ್ಕವರಿಗೆ ಇದನ್ನ ಹೇಳ್ಕೊಡ್ತಾ ಇದಾರೆ, ಆಸ್ಪತ್ರೇಲಿ ಹೆಂಗೆ ನರಳಬೇಕು ಅಂತ! ಹತ್ತು ಅಂದ್ರೆ ನಾಟಕ, ಐದು ಅಂದ್ರೆ ಬೆಂಚು. ಅವತ್ತಿಂದ ಅಡುಗೆ ಮಾಡುವಾಗ್ಲೂ ಬಸ್ಸಲ್ಲೂ ಅದೇ ಮಾತು ತಲೇಲಿ ಓಡ್ತಾ ಇದೆ.

ನೋವು ನಿಜ ಅಂತ ತೋರ್ಸೋಕೆ ಅವರ ಹತ್ರ ಏನೂ ಇಲ್ಲ, ಕಷ್ಟ ಇರೋದೇ ಇಲ್ಲಿ. ಕಾಯಿಲೆ ಇದೆಯಾ ಇಲ್ವಾ ಅಂತ ಹೇಳೋಕೆ ರಕ್ತಪರೀಕ್ಷೆ ಇದೆ, ಆದ್ರೆ ಈಗ, ಈ ಕ್ಷಣ ನೋವಾಗ್ತಿದೆಯಾ ಅನ್ನೋಕೆ ಯಾವ ಪರೀಕ್ಷೇನೂ ಇಲ್ಲ. ಕುಡುಗೋಲಿನ ಥರ ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಾಕ್ಕೊಂಡು ಮೂಳೆಗೆ ಆಕ್ಸಿಜನ್ ಹೋಗದೇ ಒದ್ದಾಡ್ತಿರೋವಾಗ್ಲೂ ಬಿಪಿ ನಾರ್ಮಲ್ ಇರಬಹುದು, ಎಕ್ಸ್‌ರೇಲಿ ಏನೂ ಕಾಣದೇ ಇರಬಹುದು. ಆ ಹುಡುಗನ ಬಾಯಿಮಾತು ಒಂದೇ ಸಾಕ್ಷಿ, ಅದನ್ನೂ ನಂಬಲ್ಲ. ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರ ಮಾರ್ಗಸೂಚೀಲಿ ಸ್ಪಷ್ಟವಾಗಿ ಹೇಳಿದೆ, ಇಂಥವರು ಎಮರ್ಜೆನ್ಸಿಗೆ ಬಂದ ಒಂದು ಗಂಟೆಯೊಳಗೆ ನೋವಿನ ಔಷಧ ಶುರುವಾಗ್ಬೇಕು ಅಂತ. ನಮ್ಮ ಮಕ್ಕಳು ಆ ಒಂದು ಗಂಟೇನ ಸರಿಯಾದ ನಂಬರ್ ಹುಡುಕೋದ್ರಲ್ಲೇ ಕಳೀತಾರೆ.

ಡ್ಯೂಟಿಲಿರೋ ಡಾಕ್ಟರೆಲ್ಲ ಕೆಟ್ಟವರು ಅಂತಲ್ಲ, ರಾತ್ರಿ ಒಬ್ಬರೇ ಇರ್ತಾರೆ, ರಶ್ ಇರತ್ತೆ, ಒಪ್ತೀನಿ. ಆದ್ರೆ "ಇವಳಿಗೆ ಇಂಜೆಕ್ಷನ್ ಅಭ್ಯಾಸ ಆಗೋಗಿದೆ" ಅಂತ ನಮ್ಮ ಹುಡುಗಿಯೊಬ್ಬಳ ಎದುರಿಗೇ ಅಂದ ನರ್ಸನ್ನ ನನಗೆ ಒಪ್ಪೋಕಾಗಲ್ಲ. ಅದೇ ನೋವು ಪೇಟೆಯ ಇಂಗ್ಲಿಷ್ ಮಾತಾಡೋ ಹುಡುಗಿಗೆ ಬಂದಿದ್ರೆ ಹಂಗೆ ಅಂತಿದ್ರಾ? 2023ರ ಜುಲೈಲಿ ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್ ಶುರುವಾಯ್ತು, ಏಳು ಕೋಟಿ ಜನರ ಸ್ಕ್ರೀನಿಂಗ್ ಗುರಿ, ಒಳ್ಳೇದೇ, ಆಗಲೇಬೇಕು. ಆದ್ರೆ ಸ್ಕ್ರೀನಿಂಗ್ ಆಗಿ, ಕಾಯಿಲೆ ಇದೆ ಅಂತ ಬರೆದಿರೋ ಕಾರ್ಡ್ ಕೈಗೆ ಬಂದ ಮೇಲೂ ಆ ಹುಡುಗ ಕ್ಯಾಜುವಾಲ್ಟಿ ಬಾಗಿಲಲ್ಲಿ ಲೆಕ್ಕ ಹಾಕ್ತಾನೇ ನಿಂತಿರ್ತಾನೆ, ಇವತ್ತು ಎಷ್ಟು ಅನ್ಲಿ ಅಂತ.

ಆ ಏಳುಗಳನ್ನ ಡಿಲೀಟ್ ಮಾಡಲ್ಲ ಅಂತ ಸರ್‌ಗೆ ಬರೆದಿದೀನಿ. ನಮ್ಮ ಇಡೀ ಫೈಲಲ್ಲಿ ಅದಕ್ಕಿಂತ ನಿಜವಾದ ಡೇಟಾ ಇಲ್ಲ. ಜೊತೆಗೆ ಹುಡುಗರೇ ಹೇಳಿದ ಪ್ರಶ್ನೆಗಳನ್ನ ಫಾರಂಗೆ ಸೇರಿಸ್ತಿದೀವಿ: ರಾತ್ರಿ ನಿದ್ದೆ ಬಂತಾ, ಬಚ್ಚಲಿಗೆ ನಡೆದು ಹೋದ್ಯಾ, ಆಸ್ಪತ್ರೇಲಿ ಎಷ್ಟು ಹೊತ್ತು ಕಾಯಿಸಿದ್ರು, ನಿನ್ನ ಮಾತು ನಂಬಿದ್ರಾ. ಕೊನೇ ಪ್ರಶ್ನೆ ಬೇಡ, ಆಸ್ಪತ್ರೆಯವರಿಗೆ ಬೇಜಾರಾಗತ್ತೆ ಅಂತ ಉತ್ತರ ಬಂದಿದೆ. ಅದೊಂದನ್ನ ಮಾತ್ರ ನಾನು ಬಿಟ್ಕೊಡಲ್ಲ.